ಚುಕ್ಕೆಯಾಚೆಯ ಬಾವಿಗಳು

ಬಟ್ಟೆಯ ಅಂಚಿನಲ್ಲಿ ಎಳೆ ಜೋತಾಡುತ್ತಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ದಾವಣಗೆರೆಯ ಬಟ್ಟೆ ಅಂಗಡಿ ಸೇರಿದವನು ನಾನು. ಕಲಿತ ವಿದ್ಯೆಯೆಲ್ಲ ಕತ್ತರಿಯದು. ಈಗ ಅಂಗಡಿಯ ಕಂಪ್ಯೂಟರಿನಲ್ಲಿ ಸ್ಟಾಕು ಬರೆಯುವುದೂ ನನ್ನದೇ ಕೆಲಸ. ಮೀಟರಿನ ಲೆಕ್ಕಕ್ಕೆ ಚುಕ್ಕೆಯಾದ ಮೇಲೆ ಎರಡೇ ಅಂಕಿ. ಮೂರನೆಯದನ್ನು ಕೇಳಿದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ.

ಹರಿಹರದಲ್ಲಿರುವ ನನ್ನ ತಂಗಿ ಗಿರಿಜಾ, ಹಳೆಯ ಬಾವಿಗಳ ಹೂಳೆತ್ತಿಸುವ ಒಂದು ಸಂಘಕ್ಕಾಗಿ ಕೊಂಡಜ್ಜಿಯ ಸುತ್ತ ಬಿಸಿಲಲ್ಲಿ ಅಲೆದು, ಪ್ರತಿ ಬಾವಿಯ ಪಕ್ಕ ನಿಂತು, ಅದಿರುವ ಜಾಗವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡಿದ್ದಳು. "ಅಣ್ಣಾ, ಇದನ್ನ ಟೆಕ್ಸ್ಟ್ ಫೈಲ್ ಮಾಡಿ ಅವರಿಗೆ ಕಳಿಸಿಬಿಡು" ಎಂದು ಎಕ್ಸೆಲ್ ಹಾಳೆಯೊಂದನ್ನು ನನಗೆ ಕೊಟ್ಟಳು. ತೆರೆದರೆ ಪ್ರತಿ ಬಾವಿಗೂ ಅಕ್ಷಾಂಶ, ರೇಖಾಂಶ: ಹದಿನಾಲ್ಕು, ಚುಕ್ಕೆ, ಆಮೇಲೆ ಆರು ಅಂಕಿ. ಎಪ್ಪತ್ತೈದು, ಚುಕ್ಕೆ, ಮತ್ತೆ ಆರು. ಸಾಲುಸಾಲಾಗಿ ಎಳೆ ಜೋತಾಡಿದಂತೆ. ಎರಡೇ ಅಂಕಿ ಕಾಣುವಂತೆ ಮಾಡಿ, ಉಳಿಸಿ, ಕಳಿಸಿದೆ. ಎಕ್ಸೆಲ್ ಹಾಳೆಯಲ್ಲಿ ಮರೆಯಾದ ಅಂಕಿ ಒಳಗೆ ಬದುಕಿಯೇ ಇರುತ್ತದೆ, ಟೆಕ್ಸ್ಟ್ ಫೈಲಿಗೆ ಹೋಗುವುದು ಕಣ್ಣಿಗೆ ಕಂಡದ್ದಷ್ಟೇ ಎಂಬುದು ನನಗೆ ಗೊತ್ತಿರಲಿಲ್ಲ. ಹಳೆಯ ಹಾಳೆಯನ್ನು ನಾನು ಅಳಿಸಿದೆ. ನನ್ನನ್ನು ನಂಬಿ ಅವಳೂ ಮೊಬೈಲಿನಿಂದ ಅಳಿಸಿದ್ದಳು.

ಎರಡು ಅಂಕಿಗೆ ನಿಲ್ಲಿಸಿದರೆ ಬಾವಿ ಅರ್ಧ ಕಿಲೋಮೀಟರಿನವರೆಗೂ ಸರಿದುಹೋಗಬಹುದಂತೆ. ನಕ್ಷೆಯಲ್ಲಿ ಬಾವಿಗಳು ಒಂದರ ಮೇಲೊಂದು ಕೂತವು. ಒಂದಂತೂ ಕೆರೆಯ ನಡುವೆಯೇ ಬಿತ್ತು. ಸಂಘದವರು ಯಂತ್ರ ತಂದು ನಿಂತದ್ದು ಯಾರದೋ ಬದನೆ ತೋಟದಲ್ಲಿ. "ಎಲ್ಲೈತ್ರಿ ಬಾವಿ? ಮನ್ಯಾಗ ಕುಂತು ಬರದೀರೇನು?" ಎಂದು ಫೋನಿನಲ್ಲಿ ಕೇಳಿದರಂತೆ. ಅಂಗಾಲು ಬೊಬ್ಬೆ ಎದ್ದವಳಿಗೆ ಈ ಮಾತು. ತಪ್ಪು ಅದರದೇ ಎಂದು ಅವಳು ತನ್ನ ಮೊಬೈಲನ್ನು ಬೈದಳು. ನಾನು ಹೂಂ ಎಂದೆ. ಅಂಕಿ ಕತ್ತರಿಸಿದ್ದಕ್ಕಿಂತ ಆ ಹೂಂ ಹೆಚ್ಚು ಭಾರವಾಯಿತು. ಭಾನುವಾರ ಹರಿಹರಕ್ಕೆ ಹೋಗಿ ಎಲ್ಲ ಹೇಳಿದೆ.

ಅವಳು ಎದ್ದು ಬಾಗಿಲ ಬಳಿ ಹೋದಳು. ಆಮೇಲೆ, "ಚಪ್ಪಲಿ ಹಾಕ್ಕೊ. ಎಲ್ಲಾ ಬಾವಿಗೂ ಮತ್ತ ಹೋಗಬೇಕು" ಎಂದಳು.

ಈಗ ನನ್ನ ರಜೆಗಳೆಲ್ಲ ಬಾವಿಗೇ. ಮೊಬೈಲು ಹಿಡಿದು ಆರೂ ಅಂಕಿಯನ್ನು ಓದುವುದು ನಾನು, ಬರೆದುಕೊಳ್ಳುವುದು ಅವಳು. ಕೊನೆಯ ಅಂಕಿಯ ಬೆಲೆ ಅರ್ಧ ಗೇಣಂತೆ. ನಿಂತಲ್ಲೇ ನಿಂತರೂ ಅದು ಓಲಾಡುತ್ತದೆ. ಮೊನ್ನೆ ಅದನ್ನು ಸರಿಯಾಗಿ ಹಿಡಿಯಲೆಂದು ಬಾವಿಯ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟೆ. ಗಿರಿಜಾ ಅಂಗಿ ಹಿಡಿದು ಹಿಂದಕ್ಕೆಳೆದಳು. ಆ ಭಾನುವಾರದ ನಂತರ ಅವಳು ತಮಾಷೆಯಾಗಿ ಮಾತಾಡಿದ್ದು ಅದೇ ಮೊದಲು.

"ಸಾಕು ಬಾರಣ್ಣ, ಅಷ್ಟು ಕರೆಕ್ಟ್ ಬ್ಯಾಡ. ನೀ ಬಿದ್ರೆ ನಿನ್ನ ಗುರುತೂ ನಾನೇ ಹಾಕ್ಕೋಬೇಕಾಗತೈತೆ."