ಅಕ್ಕನ ಉಸಿರಿಗೆ ಬಿಟ್ಟ ಜಾಗ

ಮೊದಲ ಸಲ ಕೀಬೋರ್ಡಿನ ಮುಂದೆ ಕೂತಾಗ ನನ್ನ ಎಡಗೈ ತಾನಾಗಿಯೇ ಅದರ ಬೆನ್ನ ಹಿಂದೆ ಹೋಗಿ ತಡಕಾಡಿತು. ಹಾರ್ಮೋನಿಯಂ ನುಡಿಸಿ ಬೆಳೆದವಳು ನಾನು. ಶನಿವಾರದ ಭಜನೆಗೆ ಅಪ್ಪ ಹಾಡುವಾಗ ಪಕ್ಕದಲ್ಲಿ ಕೂತು ತಿದಿ ಒತ್ತುತ್ತ ಕಲಿತ ಕೈ ಅದು. ಈ ಮಷೀನಿಗೆ ತಿದಿಯೂ ಇಲ್ಲ, ಗಾಳಿಯೂ ಬೇಡ. ನಮ್ಮ ಢೋಲಕ್‌ನವನು, "ಬಾಯೋರು ಎಮ್ಮೀ ಹಿಂಡಾಕ ಹೊಂಟಾರ್ರಿ" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಗಲಿ ಬಿಡಿ, ಆ ಎಡಗೈ ಸುಮ್ಮನಿರುವುದನ್ನು ಕಲಿಯಲು ಎಷ್ಟೋ ವಾರ ಬೇಕಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ಪುಣೆಯಲ್ಲಿ ನಮ್ಮ ಕಡೆಯವರೇ ಕಟ್ಟಿದ ಒಂದು ಆರ್ಕೆಸ್ಟ್ರಾ ಇತ್ತು. ಮದುವೆ, ಗಣಪತಿ ಮಂಡಳ, ಕಾರ್ಖಾನೆಯ ವಾರ್ಷಿಕೋತ್ಸವ, ಕರೆದಲ್ಲೆಲ್ಲ ಹೋಗುತ್ತಿದ್ದೆವು. ಅಕ್ಕ ಹಾಡುವವಳು, ನಾನು ನುಡಿಸುವವಳು. ಮಾಲೀಕ ವಿಜಾಪುರದ ಕಡೆಯ ಬಟ್ಟೆ ವ್ಯಾಪಾರಿ, ನಮಗೆಲ್ಲ ಕಾಕಾ. ಅಪ್ಪ ತೀರಿಕೊಂಡಾಗ ಮನೆಗೆ ಬಂದು, ಅವ್ವನ ಎದುರಿಗೆ ಕಣ್ಣೀರು ಹಾಕಿ, "ಈ ಇಬ್ಬರೂ ಇನ್ನ ನನ್ನ ಮನಿ ಮಕ್ಕಳು" ಅಂದಿದ್ದ. ಆ ಕಣ್ಣೀರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕನಿಗೆ ಉಬ್ಬಸ. ಮಳೆ ನಿಂತು ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಕಸ ಬಿಳಿ ಹೂ ಬಿಟ್ಟಿತೆಂದರೆ ಅವಳ ಎದೆ ಸೀಟಿ ಹೊಡೆಯುತ್ತಿತ್ತು. ಪಲ್ಲವಿಯನ್ನು ಒಂದೇ ಉಸಿರಿಗೆ ಎತ್ತಿ ಬಿಡುವಳು. ಚರಣಕ್ಕೆ ಹೋಗುವ ಮುಂಚೆ ಮಾತ್ರ ಸ್ವಲ್ಪ ನಿಲ್ಲಬೇಕು. ಇದು ಕೇಳುವವರಿಗೆ ಒಂದು ದಿನವೂ ಗೊತ್ತಾಗಲಿಲ್ಲ, ಯಾಕೆಂದರೆ ನಾನು ಅವಳ ಭುಜ ನೋಡುತ್ತ ನುಡಿಸುತ್ತಿದ್ದೆ. ಭುಜ ಮೇಲೆದ್ದು ಇಳಿಯುವವರೆಗೂ ನಡುವಿನ ಸಂಗೀತವನ್ನೇ ಸುತ್ತಿ ಸುತ್ತಿ ನುಡಿಸುವೆ. ಇಳಿಯಿತೋ, ಚರಣಕ್ಕೆ ದಾರಿ ಬಿಡುವೆ. ಒಂದು ದಿನ ಎರಡು ಸುತ್ತು, ಇನ್ನೊಂದು ದಿನ ಎಂಟು. ನಾವಿಬ್ಬರೂ ಇದನ್ನು ಬಾಯಿಬಿಟ್ಟು ಮಾತಾಡಿಕೊಂಡದ್ದೇ ಇಲ್ಲ. ಹಾಡುವವರಿಗಾಗಿ ಕಾಯದವನು ಹಾರ್ಮೋನಿಯಂ ಪೇಟಿ ಮುಟ್ಟಬಾರದು ಎಂದು ಅಪ್ಪ ಹೇಳುತ್ತಿದ್ದ. ನಾನು ಪಕ್ಕದಲ್ಲಿದ್ದರೆ ಅಕ್ಕ ಹಾಡಬಲ್ಲಳು, ಇಲ್ಲದಿದ್ದರೆ ಕಷ್ಟ. ವಿಷಯ ಇಷ್ಟೇ.

ಕೀಬೋರ್ಡಿಗೆ ಒಂದು ಬಾಯಿ ಇತ್ತು. ಫ್ಲಾಪಿ ತುರುಕಿ ನುಡಿಸಿದರೆ ನುಡಿಸಿದ್ದೆಲ್ಲ ಅದರೊಳಗೆ ಕೂರುತ್ತಿತ್ತು. ಆಮೇಲೆ ಗುಂಡಿ ಒತ್ತಿದರೆ ಸಾಕು, ತಾನೇ ನುಡಿಸುತ್ತಿತ್ತು. ಕಾಕಾ ಇದನ್ನು ಕಂಡ ದಿನ ಅವನ ಮುಖ ಹಬ್ಬದ ಹಾಗಾಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆಯ ಗಂಟುಗಳ ನಡುವೆ ಹಳೆಯ ಕಂಪ್ಯೂಟರ್ ಒಂದನ್ನು ತಂದಿಟ್ಟ. ಬುಧವಾರ ಪೇಟೆಯಿಂದ ಸಾಫ್ಟ್‌ವೇರಿನ ಸೀಡಿಯೂ ಬಂತು. ಮಷೀನಿಗೂ ಕಂಪ್ಯೂಟರಿಗೂ ನಡುವೆ ಒಂದು ದಪ್ಪ ವೈರು. ಹೇಳಿಕೊಡುವವರು ಯಾರೂ ಇಲ್ಲ. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ತೊಡೆಯ ಮೇಲೆ ಇಂಗ್ಲಿಷ್ ನಿಘಂಟು ಇಟ್ಟುಕೊಂಡು, ಪರದೆಯ ಮೇಲಿದ್ದದ್ದನ್ನೆಲ್ಲ ಒತ್ತಿ, ಕೆಡಿಸಿ, ಮತ್ತೆ ಮಾಡಿ ಕಲಿತೆ. ಅರ್ಧ ಮುಗಿದಾಗ ಕರೆಂಟು ಹೋಗುತ್ತಿತ್ತು. ಸುಡುಗಾಡು ಕರೆಂಟು! ಅಳುತ್ತ ಮತ್ತೆ ಮೊದಲಿಂದ ಶುರು.

ಸುಳ್ಳು ಯಾಕೆ ಹೇಳಲಿ, ನನಗೆ ಭಾರಿ ಖುಷಿಯೂ ಇತ್ತು. ಸ್ವರಗಳು ಪರದೆಯ ಮೇಲೆ ಇಟ್ಟಿಗೆಗಳ ಹಾಗೆ ಸಾಲಾಗಿ ಕೂರುತ್ತಿದ್ದವು. ಇಲಿಯಂತೆ ಬಾಲವಿದ್ದ ಮೌಸು ಹಿಡಿದು ಒಂದೊಂದನ್ನೇ ಎತ್ತಿ ಸರಿಸಬಹುದಿತ್ತು. ಬದುಕಿನಲ್ಲಿ ಕಣ್ಣಾರೆ ಕಂಡಿರದ ಪಿಟೀಲುಗಳ ಗುಂಪನ್ನು ನಾನೊಬ್ಬಳೇ ಕೂತು ನುಡಿಸಿದೆ. ತಾಳ ಜಾರಿದ ಸ್ವರವನ್ನು ಗೆರೆಗೆ ಎಳೆದು ಕೂರಿಸುವ ಗುಂಡಿ ಇತ್ತು. ದನಿ ಎತ್ತರಿಸುವ, ತಗ್ಗಿಸುವ ಗುಂಡಿಗಳಿದ್ದವು. ಕಾಯುವ ಗುಂಡಿ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ.

ಅದಕ್ಕೇ ನಾನು ಪ್ರತಿ ಹಾಡಿನಲ್ಲೂ ಚರಣದ ಮುಂಚೆ ನಾಲ್ಕು ಸುತ್ತು ಬಿಟ್ಟೆ. ಬರೀ ತಂಬೂರಿ, ಸಣ್ಣಗೆ ಢೋಲಕ್.

"ಏನವಾ ಇದು? ನಡುವ ಯಾಕ ಖಾಲಿ ಬಿಟ್ಟಿ? ಮಂದಿ ಎದ್ದು ಹೋಗ್ತಾರ" ಎಂದು ಕಾಕಾ ರೇಗಿದ.

"ಇರಲಿ ಬಿಡ್ರಿ ಕಾಕಾ. ಅದು ಅಕ್ಕನ ಉಸಿರಿಗೆ. ಅಷ್ಟು ಸಾಲದಿದ್ರ ನಾ ಬಾಜೂಕ ಇರ್ತೀನಲ್ಲ, ಮಷೀನ್ ನಿಲ್ಲಿಸಿ ಕೈಲೆ ನುಡಸ್ತೀನಿ."

ಹೂಂ ಅಂದ. ನಾನು ಎಲ್ಲ ಹಾಡುಗಳನ್ನೂ ಹಾಗೇ ಮುಗಿಸಿಕೊಟ್ಟೆ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಿದ್ದೆನೆಂದು ಆಗ ಹೊಳೆಯಲಿಲ್ಲ.

ಇಂದಾಪುರದಲ್ಲಿ ಕಾರ್ಯಕ್ರಮವಿತ್ತು. ಮಧ್ಯಾಹ್ನ ಗಾಡಿ ನಮ್ಮ ವಾಡೆಯ ಮುಂದೆ ಬಂದು ನಿಂತಿತು. ನಾನು ಕೂರುವ ಸೀಟಿನ ಮೇಲೆ ಹೊಸ ಸ್ಪೀಕರ್ ಕೂತಿತ್ತು. ಕಾಕಾನ ಅಳಿಯ ಕೂಲಿಂಗ್ ಗ್ಲಾಸು ಹಾಕಿಕೊಂಡು ಕೀಬೋರ್ಡನ್ನು ತಬ್ಬಿಕೊಂಡಿದ್ದ. ಅವನಿಗೆ ಸರಿಗಮ ಕೂಡ ಬಾರದು.

"ಇವತ್ತ ನೀ ಯಾಕ ತ್ರಾಸ ತಗೋತಿ ತಂಗಿ?" ಅಂದ ಕಾಕಾ. ಫ್ಲಾಪಿಯ ಡಬ್ಬಿಯನ್ನು ಬೆರಳಿನಿಂದ ತಟ್ಟಿ, "ನೀ ಪೂರಾ ಇದರಾಗ ಇದ್ದೀಯಲ್ಲ. ಗುಂಡಿ ಒತ್ತಾಕ ಅಳಿಯಾ ಅದಾನ" ಎಂದು ನಕ್ಕ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆದುಬಿಟ್ಟ. ಅಕ್ಕ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವಳು ಅಲ್ಲೇ ನಿಂತಳು. "ನೀ ಬರದಿದ್ರ ನಾನೂ ಇಳೀತೀನಿ" ಅಂದಳು. ಆಗ ಮನೆ ನಡೆಯುತ್ತಿದ್ದದ್ದು ಹಾಡಿನಿಂದಲೇ. "ಹೋಗ ಅಕ್ಕಾ, ನಾಕು ಸುತ್ತು ಅದಾವಲ್ಲ" ಎಂದೆ. ಗಾಡಿ ಹೋಯಿತು.

ಇಂದಾಪುರದಲ್ಲಿ ಏನಾಯಿತೆಂದು ಮರುದಿನ ಢೋಲಕ್‌ನವನು ಬಂದು ಹೇಳಿದ. ಬಯಲಿನಲ್ಲಿ ವೇದಿಕೆ. ಕಬ್ಬಿನ ಗಾಡಿಗಳು ಓಡಾಡಿ ಊರೆಲ್ಲ ಧೂಳು. ಎರಡನೆಯ ಹಾಡಿಗೇ ಅಕ್ಕನ ಎದೆ ಕಟ್ಟಿತಂತೆ. ನಾಲ್ಕು ಸುತ್ತು ಮುಗಿದವು, ಅವಳ ಭುಜ ಮೇಲೇಳಲಿಲ್ಲ. ಮಷೀನು ಚರಣಕ್ಕೆ ನುಗ್ಗಿತು. ಢೋಲಕ್‌ನವನು "ಥಾಂಬವಾ, ಥಾಂಬವಾ" ಎಂದು ನಿಲ್ಲಿಸಲು ಕೂಗಿದರೆ ಅಳಿಯನಿಗೆ ಯಾವ ಗುಂಡಿ ಒತ್ತಬೇಕೆಂದೇ ತಿಳಿಯಲಿಲ್ಲ. ಅಕ್ಕ ಅರ್ಧ ಉಸಿರಿಗೇ ಎತ್ತಿಕೊಂಡಳು. ಕೆಮ್ಮು ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು. ಜನ ಸಿಳ್ಳೆ ಹೊಡೆದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಗ ನನ್ನ ಪಿಟೀಲುಗಳು ಒಂದೂ ಸ್ವರ ತಪ್ಪದೆ ಹಾಡನ್ನು ಕೊನೆಯವರೆಗೂ ನುಡಿಸಿ ಮುಗಿಸಿದವಂತೆ.

ಅಕ್ಕ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ನಾನು ನೀರು ಕೊಟ್ಟೆ. ಅರ್ಧ ಕುಡಿದು, "ನಾಕು ಸುತ್ತು ಸಾಲಲಿಲ್ಲ ನೋಡವಾ" ಅಂದಳು.

ನಾನು ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಕೂಗಾಡಿದೆ. ಕಾಕಾ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಮೊದಲ ಆಕಿ ಎದಿ ರಿಪೇರಿ ಮಾಡಸ್ರಿ. ಮಷೀನ್ ತಪ್ಪು ಮಾಡೂದಿಲ್ಲ" ಅಂದ. ನನ್ನ ಫ್ಲಾಪಿಗಳನ್ನು ಕೊಡಿ ಎಂದರೆ, "ಮಷೀನ್ ನಂದು, ಡಬ್ಬೀನೂ ನಂದು. ನಿಂದೇನದ ಇದರಾಗ?" ಅಂದ. ಅವನ ಬಾಯಿಗೆ ಮಣ್ಣು ಹಾಕ! ಬರಿಗೈಯಲ್ಲಿ ಮನೆಗೆ ಬಂದೆ. ದೀಪಾವಳಿಯ ಹೊತ್ತಿಗೆ ಅಕ್ಕನ ಜಾಗಕ್ಕೆ ಹೊಸ ಹುಡುಗಿ ಬಂದಳು. "ಹೊಳಿ ದಾಟಿದ ಮ್ಯಾಲ ಅಂಬಿಗ ಮಿಂಡ" ಎಂದು ಅವ್ವ ಕಾಕಾನ ಮನೆಯಿಂದ ಬಂದ ಚಕ್ಕುಲಿ, ಉಂಡೆಗಳ ಫರಾಳದ ತಟ್ಟೆಯನ್ನು ಹಾಗೇ ತಿರುಗಿ ಕಳಿಸಿದಳು.

ಅಕ್ಕ ಆಮೇಲೆ ಹಾಡಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಕೂಡ ಗುನುಗಲಿಲ್ಲ. ನಾನು ಮಕ್ಕಳಿಗೆ ಕೀಬೋರ್ಡ್ ಹೇಳಿಕೊಟ್ಟೆ. ಬರುವ ತಾಯಂದಿರೆಲ್ಲ ಕೇಳುವುದು ಒಂದೇ, ಶಾಲೆಯ ಗ್ಯಾದರಿಂಗಿಗೆ ಒಂದು ಹಾಡು ರೆಡಿ ಮಾಡಿಕೊಡಿ ಸಾಕು.

ವರ್ಷಗಳು ಕಳೆದವು. ಹಿಂಜವಾಡಿಯ ಕಡೆ ಒಂದು ಲಾನಿನಲ್ಲಿ ನಮ್ಮವರ ಮದುವೆ. ಕಂಪನಿ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ನಾನೂ ಅಕ್ಕನೂ ಮುಟ್ಟುವಷ್ಟರಲ್ಲಿ ಅಕ್ಷತೆ ಬಿದ್ದಾಗಿತ್ತು. ಕುರ್ಚಿ ಹುಡುಕಿ ಕೂತ ಮೇಲೆ ನೋಡುತ್ತೇನೆ, ವೇದಿಕೆಯ ಮೇಲೆ ಅದೇ ಆರ್ಕೆಸ್ಟ್ರಾ. ಫ್ಲಾಪಿಯ ಜಾಗಕ್ಕೆ ಲ್ಯಾಪ್‌ಟಾಪು ಬಂದಿದೆ, ಅಳಿಯನಿಗೆ ಹೊಟ್ಟೆ ಬಂದಿದೆ. ಸುಮ್ಮನೆ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತಿದ್ದ. ಪಿಟೀಲು ಶುರುವಾದ ಕೂಡಲೇ ನನಗೆ ಗೊತ್ತಾಯಿತು, ನನ್ನದೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಜೋಡಿಸಿದ್ದೇ.

ಪಲ್ಲವಿ ಮುಗಿಯಿತು. ತಂಬೂರಿ, ಸಣ್ಣಗೆ ಢೋಲಕ್. ಆ ಖಾಲಿ ಜಾಗ ಯಾಕಿದೆಯೆಂದು ವೇದಿಕೆಯ ಮೇಲಿನವರಿಗೆ ಯಾರಿಗೂ ಗೊತ್ತಿಲ್ಲ. ಹಾಡುವ ಹುಡುಗಿ ಅದಕ್ಕೊಂದು ಉಪಯೋಗ ಹುಡುಕಿಕೊಂಡಿದ್ದಳು. ಮೈಕು ಎತ್ತಿ, "ಜೋರ್‌ದಾರ್ ಟಾಳ್ಯಾ!" ಎಂದು ಕೂಗಿದಳು. ಲಾನೆಲ್ಲ ಚಪ್ಪಾಳೆ ತಟ್ಟಿತು.

ಹೋಗಿ ಆ ಲ್ಯಾಪ್‌ಟಾಪಿನ ವೈರು ಕಿತ್ತೆಸೆಯಬೇಕೆಂದು ಅರ್ಧ ಎದ್ದೆ. ಪಕ್ಕದಲ್ಲಿ ಅಕ್ಕನನ್ನು ಕಂಡು ಹಾಗೇ ಕೂತೆ. ಅವಳು ಕಣ್ಣು ಮುಚ್ಚಿದ್ದಳು. ಚಪ್ಪಾಳೆಯ ಗದ್ದಲದ ನಡುವೆ ಅವಳ ಭುಜಗಳು ನಿಧಾನವಾಗಿ ಮೇಲೆದ್ದವು, ತುಂಬಿಕೊಂಡವು, ಇಳಿದವು. ನಾಲ್ಕನೆಯ ಸುತ್ತು ಮುಗಿಯಿತು. ವೇದಿಕೆಯ ಮೇಲೆ ಹುಡುಗಿ ಚರಣ ಎತ್ತಿಕೊಂಡಳು.

ಅಕ್ಕ ಕಣ್ಣು ತೆರೆದು ನನ್ನ ಎಡಗೈ ಹಿಡಿದುಕೊಂಡಳು.

"ಇವತ್ತ ಸಾಕಾತು ನೋಡವಾ" ಅಂದಳು.