ಮೈಕಣ್ಣ ಬರೆದ ಎರಡು ಸಾಲು

ಆಗಷ್ಟೇ ಬೆಳಕು ಹರಿಯುತ್ತಿದೆ. ಕಾಲೇಜಿನ ಸಭಾಂಗಣದಲ್ಲಿ ಉರಿಯುತ್ತಿರುವುದು ಒಂದೇ ದೀಪ. ವೇದಿಕೆಯ ಕೆಳಗೆ ಮಂಡಿಯೂರಿ ಕುಳಿತವರೊಬ್ಬರು, ಯಾರೂ ಎಡವದಿರಲಿ ಎಂದು ವೈರುಗಳನ್ನು ನೆಲಕ್ಕೆ ಟೇಪು ಹಾಕಿ ಅಂಟಿಸುತ್ತಿದ್ದಾರೆ. ಟೇಪನ್ನು ಹಲ್ಲಿನಿಂದಲೇ ಹರಿಯುತ್ತಾರೆ. "ಕತ್ತರಿ ತಂದಿಟ್ರೆ ಯಾರಾದ್ರೂ ಎತ್ಕೊಂಡ್ ಹೋಗ್ತಾರೆ. ಹಲ್ಲು ಎತ್ಕೊಂಡ್ ಹೋಗಲ್ವಲ್ಲ" ಎನ್ನುತ್ತಾರೆ.

ಇಡೀ ಕಾಲೇಜಿಗೆ ಅವರು ಮೈಕಣ್ಣ. ಭಾಷಣವಿರಲಿ, ಬೀಳ್ಕೊಡುಗೆಯಿರಲಿ, ಸಂತಾಪ ಸಭೆಯಿರಲಿ, ಹಿಂಬದಿಯ ಮೇಜಿನಲ್ಲಿ ಕುಳಿತು ಧ್ವನಿಯನ್ನೂ ತೆರೆಯನ್ನೂ ನೋಡಿಕೊಳ್ಳುವವರು ಅವರೇ. ವಂದನಾರ್ಪಣೆಯಲ್ಲಿ ಹೂಗುಚ್ಛ ತಂದವರಿಗೂ ಧನ್ಯವಾದ ಸಲ್ಲುತ್ತದೆ. ಇವರ ಸರದಿ ಬರುವಷ್ಟರಲ್ಲಿ ಜನ ಊಟಕ್ಕೆ ಎದ್ದಿರುತ್ತಾರೆ.

ಈ ಊರಿನ ಭಾಷೆ ಅವರ ಮನೆಮಾತಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು, ತಂಗಿಯ ಕೈ ಹಿಡಿದು ಲಾರಿಯ ಹಿಂಬದಿ ಹತ್ತಿ ಬಂದವರು. ದಾರಿಯಲ್ಲಿ ತಂಗಿಗೆ ಜ್ವರ ನೆತ್ತಿಗೇರಿತು. ಎಷ್ಟು ಬಡಿದುಕೊಂಡರೂ ಲಾರಿ ನಿಲ್ಲಲಿಲ್ಲ. ಊರು ಮುಟ್ಟಿದ್ದು ಅಣ್ಣ ಮಾತ್ರ. ಮೊದಲು ಇಟ್ಟಿಗೆ ಹೊತ್ತರು, ಆಮೇಲೆ ಸೌಂಡ್ ಬಾಕ್ಸ್ ಹೊತ್ತರು. ಹೊರುತ್ತಾ ಹೊರುತ್ತಾ ರಿಪೇರಿಯನ್ನೂ ಕಲಿತರು. ಇಲ್ಲಿಯವರನ್ನೇ ಮದುವೆಯಾದರು.

ಹೊರಗಿನಿಂದ ಬಂದವರಿಗೆ ಇಲ್ಲಿಯ ಭಾಷೆ ಕಲಿಸಲೆಂದು ಕಾಲೇಜು ಸಂಜೆ ತರಗತಿ ಶುರುಮಾಡಿದಾಗ ಹೆಂಡತಿಯೇ ಅವರನ್ನು ಅಟ್ಟಿದರು. ಪಾಠ ಮಾಡುವ ಮೇಡಂ ಒಂದು ದಿನ "ಮನೆಯವರ ಬಗ್ಗೆ ಬರೀರಿ" ಎಂದರು. ಮೈಕಣ್ಣ ತಂಗಿಯ ಬಗ್ಗೆ ಬರೆದರು. "ಹೆಂಡ್ತಿಗೂ ಅದನ್ನ ಪೂರ್ತಿ ಹೇಳಿರ್ಲಿಲ್ಲ. ಬಾಯಲ್ಲಿ ಬರ್ತಿರ್ಲಿಲ್ಲ. ಬರೆಯೋವಾಗ ಹೇಗೋ ಬಂತು."

ಹೋದ ವರ್ಷ ಇದೇ ಸಭಾಂಗಣದಲ್ಲಿ, ಎರಡನೆಯ ಭಾಷೆಯಲ್ಲಿ ಬರೆಯುವುದನ್ನು ಕಲಿಸುವುದು ಹೇಗೆ ಎಂದು ಚರ್ಚಿಸಲು ವಿದ್ವಾಂಸರು ಸಮ್ಮೇಳನ ನಡೆಸಿದರು. ಸಂಜೆ ತರಗತಿಯ ಮೇಡಂ ಪ್ರಬಂಧ ಮಂಡಿಸುತ್ತಾ "ಮುಂದಿನದು" ಎಂದರು. ಮೈಕಣ್ಣ ಗುಂಡಿ ಒತ್ತಿದರು. ತೆರೆಯ ತುಂಬ ಅವರದೇ ಕೈಬರಹ: 'ನನ್ನ ತಂಗಿ ದಾರಿಯಲ್ಲಿ ಸತ್ತಿತು. ನಾನು ಅದನ್ನು ರಸ್ತೆ ಪಕ್ಕ ಮಲಗಿಸಿ ಬಂದಿತು.'

"ಇಲ್ಲಿ ಸತ್ತಿದ್ದು ತಂಗಿಯೋ, ಕರುವೋ?" ಎಂದು ಮೇಡಂ ಕೇಳಿದರು. ಸಭೆ ಗೊಳ್ಳೆಂದಿತು.

ಪ್ರಶ್ನೆ ಕೇಳುವವರಿಗೆ ಮೈಕ್ ಒಯ್ದು ಕೊಡುವುದೂ ಅವರದೇ ಕೆಲಸ. ಪ್ರಾಧ್ಯಾಪಕರೊಬ್ಬರು ಕೈ ಎತ್ತಿದರು. ಇವರು ಹೋಗಿ ಕೊಟ್ಟರು. "ಆ ವಾಕ್ಯ ಇನ್ನೊಂದ್ಸಲ ತೋರಿಸ್ತೀರಾ? ಚೆನ್ನಾಗಿದೆ, ಬರ್ಕೋತೀನಿ" ಎಂದರು ಅವರು, ನಗು ಇನ್ನೂ ಮುಗಿದಿರಲಿಲ್ಲ. ಮೈಕಣ್ಣ ಮೇಜಿಗೆ ಮರಳಿ ಮತ್ತೆ ಗುಂಡಿ ಒತ್ತಿದರು.

ತೆರೆಯನ್ನು ಆಫ್ ಮಾಡಿಬಿಡಬಹುದಿತ್ತಲ್ಲ ಎಂದು ಕೇಳುತ್ತೇನೆ. "ಮಾಡಿದ್ರೆ ಮೈಕಿನೋನಿಗೆ ಕೆಲ್ಸ ಬರಲ್ಲ ಅಂತಿದ್ರು. ಬರೆಯೋಕಂತೂ ಬರಲ್ಲ ಅಂತ ಆಗ್ಲೇ ಗೊತ್ತಾಗಿತ್ತು."

ಚಹಾದ ಹೊತ್ತಿಗೆ ಇವರೇ ಮೇಡಂ ಹತ್ತಿರ ಹೋದರಂತೆ. "ನಿಮ್ಮ ಹೆಸರು ಹಾಕಿಲ್ಲ ಮೈಕಣ್ಣ, ಯಾರಿಗೂ ಗೊತ್ತಾಗಲ್ಲ" ಎಂದರು ಅವರು. "ನನಗೆ ಗೊತ್ತಾಯ್ತಲ್ಲ ಮೇಡಂ" ಎಂದರು ಇವರು. ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗುಂಪು ಫೋಟೋಕ್ಕೆ ಕರೆ ಬಂತು.

ಅಂದಿನಿಂದ ಇವರು ತರಗತಿಗೆ ಹೋಗಿಲ್ಲ. "ಹೋಗಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು" ಎನ್ನುತ್ತಾರೆ ಹೆಂಡತಿ. "ಈಗ ಮನೇಲೂ ಮಾತು ಕಡಿಮೆ. ಬಾಯಿ ತೆರೆಯೋಕೆ ಮುಂಚೆ ಮನಸ್ಸಲ್ಲೇ ತಿದ್ಕೋತಾರೆ. ಅಷ್ಟೊತ್ತಿಗೆ ನಾನು ಕೇಳಿದ್ದೇ ಮರೆತಿರ್ತೀನಿ."

ಆ ಸಮ್ಮೇಳನ ಇಂದು ಮತ್ತೆ ಶುರುವಾಗಲಿದೆ. ಹೊರಗೆ ಕಾರುಗಳು ಬಂದು ನಿಲ್ಲುತ್ತಿವೆ. ಕೋಪ ಇಲ್ಲವೇ ಎಂದರೆ ಮೈಕಣ್ಣ ತಲೆ ಅಲ್ಲಾಡಿಸುತ್ತಾರೆ. "ಮೇಡಂ ಕೆಂಪು ಪೆನ್ನಲ್ಲಿ 'ಸತ್ತಳು' ಅಂತ ತಿದ್ದಿದ್ರು. ಸರಿಯಾಗೇ ತಿದ್ದಿದ್ರು. ಅವಳ ಹೆಸರೇನು ಅಂತ ಒಬ್ರಾದ್ರೂ ಕೇಳಿದ್ದಿದ್ರೆ ಸಾಕಿತ್ತು."

ಪ್ಯಾಂಟಿನ ಮಂಡಿಗೆ ಹತ್ತಿದ ದೂಳು ಕೊಡವಿಕೊಂಡು ಏಳುತ್ತಾರೆ.

"ಅವತ್ತು ಮೈಕು ಒಂದ್ಸಲಾನೂ ಕಿರುಚ್ಲಿಲ್ಲ. ಕೊನೇ ಸಾಲಲ್ಲಿ ಕೂತೋರಿಗೂ ಮೇಡಂ ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸ್ತು. ಬೇಕಾದ್ರೆ ಯಾರನ್ನಾದ್ರೂ ಕೇಳಿ."