ಅತ್ತಿಗೆಯ ಟ್ರಂಕಿನ ಕಪ್ಪು ಪುಡಿ

ನಾನು ಚಿಕ್ಕವಳಿದ್ದಾಗ, ಒಂಬತ್ತು ವರ್ಷದವಳಿರಬೇಕು, ಒಬ್ಬಳ ಮೇಲೆ ಇಲ್ಲದ ಅನುಮಾನ ಹುಟ್ಟಿಸಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ. ಇವತ್ತು ನಿಮಗೆ ಹೇಳುತ್ತೇನೆ, ಮಕ್ಕಳೇ.

ಆದೋನಿ ಸೀಮೆಯ ಆಲೂರಿನ ಹತ್ತಿರದ ಸಣ್ಣ ಹಳ್ಳಿ ನಮ್ಮದು. ಅವ್ವ ತೀರಿಕೊಂಡಿದ್ದಳು, ಮನೆಯಲ್ಲಿ ಅಜ್ಜಿಯ ಮಾತೇ ನಡೆಯುತ್ತಿತ್ತು. ಆ ವರ್ಷ ಅಣ್ಣನಿಗೆ ಮದುವೆಯಾಗಿ ಆದೋನಿ ಪೇಟೆಯಿಂದ ಅತ್ತಿಗೆ ಬಂದಳು. ಬಂದ ದಿನ ನಗುನಗುತ್ತಾ ನನಗೆ ಜಡೆ ಹಾಕಿದವಳು ಮರುದಿನ ಮಧ್ಯಾಹ್ನದ ಹೊತ್ತಿಗೆ ಸಪ್ಪಗಾದಳು. ಅದೇ ದಿನ ಅಣ್ಣ ಎತ್ತು ಕೊಳ್ಳಲು ಮಂತ್ರಾಲಯದ ಕಡೆ ಹೋದ. ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಹಾಸಿಗೆ ಬಿಟ್ಟು ಏಳಲೇ ಇಲ್ಲ.

ಕತ್ತಲೆ ಕೋಣೆಯಲ್ಲಿ ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಡುಗೆಮನೆಯ ರೊಟ್ಟಿ ತಟ್ಟುವ ಸಪ್ಪಳಕ್ಕೂ ಮುಖ ಕಿವುಚುತ್ತಿದ್ದಳು. ನಾನು ಅಂಬಲಿ ಒಯ್ದುಕೊಟ್ಟರೆ ಅದರ ಹುಳಿ ವಾಸನೆಗೇ ಓಕರಿಸಿ ಲೋಟ ದೂರ ತಳ್ಳಿದಳು.

"ಏನಾಗೇತಿ ನಿಂಗ?" ಎಂದು ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು.

"ಏಮೀ ಲೇದಮ್ಮ... ಏನಿಲ್ಲರಿ. ತಲಿ ಸ್ವಲ್ಪ ಭಾರ ಆಗೇತಿ."

ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಜಡ್ಡಿನ ಹುಡುಗೀನ ನಮಗ ಕಟ್ಟ್ಯಾರೋ ಏನೋ. ಆಕಿ ಏನು ಮುಚ್ಚಿಡ್ತಾಳ ನೋಡಿ ಬಾ," ಎಂದಳು.

ಬಾಗಿಲ ಸಂದಿಯಿಂದ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಅತ್ತಿಗೆ ಎದ್ದಳು. ಸಪ್ಪಳವಾಗದಂತೆ ಟ್ರಂಕು ತೆರೆದು ಸೀರೆಗಳ ಅಡಿಯಿಂದ ಬಟ್ಟೆಯ ಗಂಟೊಂದನ್ನು ತೆಗೆದಳು. ಅದನ್ನು ಬಿಚ್ಚಿ, ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಉಸಿರೆಳೆದಳು. ಆಮೇಲೆ ಕಟ್ಟಿ ಒಳಗಿಟ್ಟಳು. ನೆಲದ ಮೇಲೆ ನಾಲ್ಕು ಕಪ್ಪು ಕಾಳು ಉದುರಿದ್ದವು. ಅವಳು ಹಿತ್ತಲಿಗೆ ಹೋದಾಗ ನಾನು ಅವನ್ನು ಆರಿಸಿಕೊಂಡು ಅಜ್ಜಿಯ ಅಂಗೈಗೆ ಹಾಕಿದೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. "ಮದ್ದು," ಎಂದಳು.

ಊಟದಲ್ಲಿ ಗುಟ್ಟಾಗಿ ಮದ್ದು ಬೆರೆಸಿದರೆ, ತಿಂದವರು ಬೆರೆಸಿದವರ ಮಾತು ಕೇಳುತ್ತಾರೆ, ಇಲ್ಲವೇ ಕೊರಗಿ ಸಾಯುತ್ತಾರೆ ಎಂದು ಆಗ ಜನ ನಂಬುತ್ತಿದ್ದರು. ನಾನೂ ಅವಳ ಕೈಯ ಊಟ ಉಂಡಿದ್ದೆ. "ನಿನ್ನಿ ಆಕಿ ಮಾಡಿದ ಸಾರು ಕಹಿ ಇತ್ತಜ್ಜಿ," ಎಂದೆ. ನಿಜಕ್ಕೂ ಕಹಿ ಇತ್ತೇ? ಇವತ್ತಿಗೂ ನನಗೆ ಗೊತ್ತಿಲ್ಲ. ಅಜ್ಜಿ ಮಾತ್ರ ಸಾರಿನ ಗಡಿಗೆಯನ್ನು ಪೂರ್ತಿ ತಿಪ್ಪೆಗೆ ಸುರಿದಳು.

ಹೊಲದಿಂದ ಅಪ್ಪ ಬಂದ ಕೂಡಲೇ, "ಬಂಡಿ ಕಟ್ಟು. ಆಕೀನ ಆದೋನಿಗೆ ಬಿಟ್ಟು ಬಾ," ಎಂದಳು. ಆ ಕಾಲದಲ್ಲಿ ಬಂದ ಮೂರೇ ದಿನಕ್ಕೆ ಹೆಣ್ಣನ್ನು ತವರಿಗೆ ಅಟ್ಟಿದರೆ ಅವಳ ಬಾಳು ಅಲ್ಲಿಗೆ ಮುಗಿದಂತೆಯೇ.

"ಕೇಳಾಕಾದ್ರೂ ಕೇಳೂಣವ್ವ," ಎಂದ ಅಪ್ಪ.

ಟ್ರಂಕು ಅಂಗಳಕ್ಕೆ ಬಂತು. ಅತ್ತಿಗೆ ಕಂಬ ಹಿಡಿದು ನಿಂತಳು. ಅಜ್ಜಿ ಕೋಲಿನ ತುದಿಯಿಂದ ಗಂಟನ್ನು ಹೊರಗೆಳೆದಳು.

"ಇದೇನು?"

"ಚಾಪುಡಿರಿ."

"ಚಾ ಕುಡಿಯೋದನ್ನ ಮುಚ್ಚಿಡಾದ್ಯಾಕ?" ಎಂದ ಅಪ್ಪ.

"ನಮ್ಮನ್ಯಾಗ ದಿನಾ ನಾಕು ಸಲ ಕುಡೀತಿದ್ವಿರಿ. ಗಂಡನ ಮನ್ಯಾಗ ಅದನ್ನ ಕೇಳಬ್ಯಾಡ, ನಗತಾರ ಅಂತ ನಮ್ಮವ್ವ ಹೇಳ್ಯಾಳ. ತಲಿ ಸಿಡಿದಾಗ ವಾಸನಿ ನೋಡತಿದ್ದೆ, ಅಷ್ಟ."

ಚಹಾ ನಮ್ಮ ಹಳ್ಳಿಗೆ ಇನ್ನೂ ಬಂದಿರಲಿಲ್ಲ. ಅಪ್ಪ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಒಂದೆರಡು ಸಲ ಚಹಾ ಕುಡಿದಿದ್ದ, ಆದರೆ ಒಣ ಪುಡಿಯನ್ನು ನೋಡಿರಲಿಲ್ಲ. ಒಂದು ಚಿಟಿಕೆ ತೆಗೆದು ಮೂಸಿ ನೋಡಿದ, ಗುರುತು ಹತ್ತಲಿಲ್ಲ.

"ಹಂಗಾರ ನಮ್ಮ ಮುಂದ ಕುಡಿ," ಎಂದಳು ಅಜ್ಜಿ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಉರಿ ಹಾಕಿದರು. ನೀರು ಕುದಿದು ಕೆಂಪಾಯಿತು. ಸುಟ್ಟ ಎಲೆಯಂಥ, ಬೆಲ್ಲದಂಥ, ನಾನು ಎಂದೂ ಮೂಸದ ವಾಸನೆಯೊಂದು ಎದ್ದಿತು. ಅತ್ತಿಗೆ ಹಾಲು ಬೆರೆಸಿ, ಗುಟುಕು ಗುಟುಕಾಗಿ ಕುಡಿದಳು. ಈಗ ಬೀಳುತ್ತಾಳೆ ಎಂದುಕೊಂಡು ನಾನು ಅಪ್ಪನ ಧೋತರ ಹಿಡಿದು ನಿಂತಿದ್ದೆ.

ಅವಳು ಬೀಳಲಿಲ್ಲ. ಬೇವಿನ ನೆರಳು ಕಂಬದಿಂದ ಕಟ್ಟೆಗೆ ಸರಿಯುವಷ್ಟರಲ್ಲಿ ಹುಬ್ಬಿನ ಗಂಟು ಸಡಿಲಾಯಿತು. ಹಣೆಯ ಬಟ್ಟೆಯನ್ನು ತಾನೇ ಬಿಚ್ಚಿದಳು. "ಒಂದು ರೊಟ್ಟಿ ಕೊಡ್ತಿಯೇನು?" ಎಂದು ನನ್ನನ್ನು ಕೇಳಿದಳು.

ಅಜ್ಜಿಗೆ ಇನ್ನೂ ಅನುಮಾನ. "ಕುಡಿದ್ರ ಹೋಗ್ತೈತಿ, ಬಿಟ್ರ ಬರ್ತೈತಿ. ಇದೆಂಥಾ ಜಡ್ಡು?" ಎನ್ನುತ್ತ ಅಭ್ಯಾಸದಂತೆ ಸೊಂಟದ ಚೀಲಕ್ಕೆ ಕೈಹಾಕಿ ಹೊಗೆಸೊಪ್ಪು ತೆಗೆದಳು. ಅದು ಬಾಯಿಗೆ ಹೋಗುವ ಮೊದಲೇ ಕೈ ತಡೆಯಿತು. ಅಪ್ಪನ ಕಡೆ ತಿರುಗಿದಳು.

"ಉರುಕುಂದದ ಈರಣ್ಣಗ ಹರಕಿ ಹೊತ್ತು ಇದನ್ನ ಬಿಟ್ಟಿದ್ದೆ. ಆವಾಗ ನನ್ನ ತಲಿನೂ ಹಿಂಗ ಸಿಡೀತಿತ್ತು. ಕಂಡಕಂಡವರ ಮ್ಯಾಲ ಹರಿಹಾಯ್ದಿದ್ದೆ. ನೆನಪೈತೇನು ನಿಂಗ?"

"ಹೆಂಗ ಮರೀಲವ್ವ," ಎಂದ ಅಪ್ಪ.

ಬಂಡಿ ಕಟ್ಟಲಿಲ್ಲ. "ಒಮ್ಮಿಗೇ ಬಿಟ್ಟಿದ್ದ ತಪ್ಪು, ಸ್ವಲ್ಪ ಸ್ವಲ್ಪ ಬಿಡು," ಎಂದು ಅಜ್ಜಿ ಗಂಟನ್ನು ತಾನೇ ಇಟ್ಟುಕೊಂಡಳು. ಮೊದಲು ಬೆಳಿಗ್ಗೆ, ಸಂಜೆ ಮೂರು ಬೆರಳಿನ ಚಿಟಿಕೆ. ಮೂರು ದಿನ ಕಳೆದ ಮೇಲೆ ಎರಡು ಬೆರಳಿನದು. ಆಮೇಲೆ ಬೆಳಿಗ್ಗೆ ಮಾತ್ರ. ನಡುವೆ ತಂಬಿಗೆ ತುಂಬ ನೀರು, ಮಜ್ಜಿಗೆ. ಕೊಡುವ ಮುನ್ನ ಅಜ್ಜಿ ಪುಡಿಯನ್ನು ಪ್ರತಿಸಲವೂ ಮೂಸಿ ನೋಡುತ್ತಿದ್ದಳು. ಗಂಟು ಖಾಲಿಯಾದ ದಿನ ಅತ್ತಿಗೆಗೆ ತಲೆ ಸ್ವಲ್ಪ ಭಾರವಾಯಿತು, ಅಷ್ಟೇ. ಸಂಜೆಗೆ ಅದೂ ಇರಲಿಲ್ಲ. ಅಜ್ಜಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂದಿನಿಂದ ಅತ್ತಿಗೆ ಬಡಿಸಿದ್ದನ್ನು ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದಳು.

ಸಂದಿಯಿಂದ ನೋಡಿದವಳು ನಾನೇ ಎಂದು ಅತ್ತಿಗೆಗೆ ಗೊತ್ತಾಗಿತ್ತು. ಜಡೆ ಹಾಕುತ್ತ ಒಮ್ಮೆ ಮೆಲ್ಲಗೆ ಹೇಳಿದಳು: "ನೋಡಿದ್ದು ತಪ್ಪಲ್ಲ. ಇದೇನಂತ ನನ್ನ ಒಂದು ಮಾತು ಕೇಳಬೇಕಿತ್ತು." ಸಾರು ಕಹಿ ಇತ್ತು ಎಂದು ನಾನು ಹೇಳಿದ್ದನ್ನು ಮಾತ್ರ ಅವಳಿಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ.

ನಿಮ್ಮ ಮನೆಯಲ್ಲಿ ಬೆಳಗಾದರೆ ಎಲ್ಲಕ್ಕಿಂತ ಮೊದಲು ಗ್ಯಾಸಿನ ಮೇಲೆ ಟೀ ಕುದಿಯುತ್ತದೆ. ಅದನ್ನು ಕಂಡು ಹೆದರುವವರು ಈಗ ಯಾರೂ ಇಲ್ಲ. ಮೊನ್ನೆ ಉಪವಾಸದ ದಿನ ನಿಮ್ಮಮ್ಮ ಹಣೆ ಒತ್ತಿಕೊಂಡು ಕುಳಿತಿದ್ದಾಗ, ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಪಕ್ಕಕ್ಕೆ ಹೋಗಿ, "ಅಮ್ಮಾ, ಇವತ್ತು ಟೀ ಕುಡಿದಿಲ್ಲೇನು?" ಎಂದು ಕೇಳಿದಳು. ಅವಳಿಗಿನ್ನೂ ಆರು ವರ್ಷ. ಅಂದು ನಮ್ಮ ಅಂಗಳದಲ್ಲಿ ದೊಡ್ಡವರೂ ಕೇಳದ ಮಾತನ್ನು ಅವಳು ಎಷ್ಟು ಸಹಜವಾಗಿ ಕೇಳಿಬಿಟ್ಟಳು.